ಕೊನೆಯ ತುಂಡಿನ ಗ್ರಾಫ್

ನಮ್ಮ ಕಡೆಯ ಜನ ಅರ್ಥವಾಗಲಿಲ್ಲ ಎಂದು ಬಾಯಿಬಿಟ್ಟು ಹೇಳುವವರಲ್ಲ. ಮಿನ್ನೆಸೋಟದ ಈ ವಾಯವ್ಯ ಮೂಲೆಯಲ್ಲಿ ಹಲ್ಲು ಕೀಳಿಸಿಕೊಂಡು ಬಂದವನನ್ನು ಹೇಗಿತ್ತು ಎಂದು ಕೇಳಿದರೂ "ಅಷ್ಟೇನೂ ಕೆಟ್ಟದಾಗಿರಲಿಲ್ಲ" ಎನ್ನುತ್ತಾನೆ. ಇನ್ನೊಬ್ಬರು ತಪ್ಪು ಮಾಡುತ್ತಿದ್ದರೆ ಅದನ್ನೂ ನೇರವಾಗಿ ಹೇಳುವುದಿಲ್ಲ. ನನ್ನ ಗಂಡ ಲೋವೆಲ್ ಒಮ್ಮೆ ಗ್ಯಾರೇಜಿಗೆ ಛಾವಣಿ ಹಾಕುತ್ತಿದ್ದ. ಪಕ್ಕದ ಮನೆಯ ಮೈಲೊ ಬೇಲಿಯ ಹತ್ತಿರ ಐದು ನಿಮಿಷ ನಿಂತು ನೋಡಿ, "ಓಹೋ, ಹೀಗೂ ಮಾಡಬಹುದು ಅನ್ನು" ಎಂದು ಹೇಳಿ ಹೋದ. ಲೋವೆಲ್ ಅವತ್ತೇ ಹಾಕಿದ್ದನ್ನೆಲ್ಲ ಕಿತ್ತು ಕೆಳಗಿಳಿಸಿದ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಪ್ರಿಕ್ಯಾಲ್ಕುಲಸ್ ಎಂಬ ಗಣಿತದ ಕೋರ್ಸಿನಲ್ಲಿ ನಾನು ಮಣ್ಣು ಮುಕ್ಕಿದ್ದು ತಲೆ ಇಲ್ಲದೆ ಅಲ್ಲ, ಮರ್ಯಾದೆ ಜಾಸ್ತಿಯಾಗಿ.

ನನ್ನ ಹೆಸರು ಆರ್ಡಿಸ್ ಹೌಗೆನ್. ಇಪ್ಪತ್ತೆರಡು ವರ್ಷ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯ, ಹಿಮ ಗುಡಿಸುವ ಲಾರಿ ಓಡಿಸಿದವಳು. ಐವತ್ನಾಲ್ಕಕ್ಕೆ ಬೆನ್ನುಮೂಳೆ ಕೈಕೊಟ್ಟಿತು. ಇನ್ನು ಲಾರಿ ಹತ್ತಿದರೆ ಇಳಿಯುವುದು ಸ್ಟ್ರೆಚರಿನ ಮೇಲೆ ಎಂದರು ಡಾಕ್ಟರು. ಕೌಂಟಿಯವರು ನನ್ನನ್ನು ಫೋನಿನ ಮೇಜಿಗೆ ಹಾಕಿದರು. "ನಮ್ಮ ರಸ್ತೆಯ ಹಿಮ ಯಾವಾಗ ತೆಗೀತೀರಿ?" ಎಂಬ ಒಂದೇ ಪ್ರಶ್ನೆಗೆ ದಿನಕ್ಕೆ ನೂರು ಸಲ ಉತ್ತರ ಕೊಡುವ ಕೆಲಸ. ಜೈಲಿನಲ್ಲಿ ಕಿಟಕಿಯಾದರೂ ಇರುತ್ತದೆ.

ಸರ್ವೆ ವಿಭಾಗದ ಮುಖ್ಯಸ್ಥ ಗೇಲೆನ್ ರಾಸ್ಕ್ ಒಂದು ದಿನ ನನ್ನ ಮೇಜಿನ ಹತ್ತಿರ ಬಂದು ಕೆಮ್ಮಿದ. ಅವನ ಸಹಾಯಕ ಹೊಸ ವರ್ಷಕ್ಕೆ ನಿವೃತ್ತನಾಗುತ್ತಿದ್ದ. "ಈ ಕೌಂಟಿಯ ರಸ್ತೆಗಳು ನಿನಗೆ ಗೊತ್ತಿರೋ ಅಷ್ಟು ನನಗೂ ಗೊತ್ತಿಲ್ಲ. ಜಾಗ ನಿನಗೇ ಇಟ್ಟಿರ್ತೀನಿ. ಆದ್ರೆ ಸರ್ಟಿಫಿಕೇಟು ಬೇಕು ನೋಡು," ಎಂದ. ಸರ್ಟಿಫಿಕೇಟಿಗೆ ಬೇಕಾದ ಎಲ್ಲ ಪಾಠ ಮುಗಿಸಿದೆ, ಒಂದನ್ನು ಬಿಟ್ಟು. ಪ್ರಿಕ್ಯಾಲ್ಕುಲಸ್‌ನಲ್ಲಿ ನೂರಕ್ಕೆ ಎಪ್ಪತ್ತು ಬರಬೇಕು. ಮೊದಲ ಸಲ ಆಪರೇಷನ್ ಆಗಿ ಅರ್ಧಕ್ಕೆ ಬಿಟ್ಟೆ. ಎರಡನೇ ಸಲ ಅರವತ್ತನಾಲ್ಕು ಬಂತು. ಮೂರು ಸಲಕ್ಕಿಂತ ಹೆಚ್ಚು ಕೂರುವಂತಿಲ್ಲ ಎಂಬುದು ನಮ್ಮ ವಿಶ್ವವಿದ್ಯಾಲಯದ ನಿಯಮ. ಇದು ಮೂರನೆಯದು. ಇದೂ ಹೋದರೆ ನಿವೃತ್ತಿಯವರೆಗೆ ಫೋನೇ ಗತಿ.

ಈ ಸಲ ಪಾಠಕ್ಕೆ ಹೊಸ ಪ್ರೊಫೆಸರ್ ಬಂದಿದ್ದಳು. ರೆನಾಟಾ ಸ್ಕಾಲ್ಜೊ, ಮೂವತ್ತನಾಲ್ಕು ವಯಸ್ಸು, ನ್ಯೂಜರ್ಸಿಯವಳು. ಕೈ ಆಡಿಸದೆ ಅವಳಿಗೆ ಎರಡು ಮಾತು ಬರುತ್ತಿರಲಿಲ್ಲ. ಮೊದಲ ದಿನವೇ ಬೋರ್ಡಿನ ತುಂಬ ಬರೆದು ತಿರುಗಿ, "ಅರ್ಥ ಆಯ್ತಾ ಎಲ್ಲರಿಗೂ?" ಎಂದಳು. ಹದಿನೆಂಟು ತಲೆಗಳು ಹೌದು ಎಂದು ಆಡಿದವು. ಅದರಲ್ಲಿ ಹದಿನೇಳು ತಲೆ ಹತ್ತೊಂಬತ್ತು ವರ್ಷದವರವು, ಒಂದು ನನ್ನದು. ಒಬ್ಬರಿಗೂ ಒಂದಕ್ಷರ ಅರ್ಥವಾಗಿರಲಿಲ್ಲ.

ನನ್ನ ಪಕ್ಕದಲ್ಲಿ ಟೇಗನ್ ಕೂರುತ್ತಿದ್ದಳು. ವಿಶ್ವವಿದ್ಯಾಲಯದ ಹಾಕಿ ತಂಡದ ಗೋಲ್‌ಕೀಪರ್, ನರ್ಸಿಂಗ್ ಓದಬೇಕೆಂದು ಬಂದವಳು.

"ನಿನಗೆ ಅರ್ಥ ಆಯ್ತೇನೇ?" ಎಂದು ಪಿಸುಗುಟ್ಟಿದೆ.

"ಎಲ್ಲಿ ಬಂತು! ಚೆಂಡು ಬಂದಿದ್ದೂ ಕಾಣಲಿಲ್ಲ, ಗೋಲಾಗಿದ್ದೂ ಕಾಣಲಿಲ್ಲ," ಎಂದಳು.

"ಮತ್ತೆ ತಲೆ ಆಡಿಸಿದೆಯಲ್ಲ?"

"ಪಾಪ, ಅಷ್ಟು ಕಷ್ಟಪಟ್ಟು ಬರೆದಿದ್ದಾರೆ. ಬೇಜಾರು ಮಾಡ್ಕೊಳಲ್ವಾ?"

ನಿಜ ಹೇಳಬೇಕೆಂದರೆ ವಿಷಯ ಅಷ್ಟು ಕಷ್ಟದ್ದಲ್ಲ. ಫಂಕ್ಷನ್ ಎಂದರೆ ಒಂದು ಯಂತ್ರ. ಒಂದು ಸಂಖ್ಯೆ ಒಳಗೆ ಹಾಕಿದರೆ ಒಂದೇ ಒಂದು ಸಂಖ್ಯೆ ಹೊರಗೆ ಬರಬೇಕು, ಎರಡು ಬಂದರೆ ಅದು ಫಂಕ್ಷನ್ ಅಲ್ಲ. ಯಾವ್ಯಾವುದನ್ನು ಒಳಗೆ ಹಾಕಬಹುದೋ ಅದೆಲ್ಲ ಸೇರಿ ಡೊಮೈನ್. ಹಾಕಿದ್ದು, ಬಂದದ್ದು ಎರಡನ್ನೂ ಚುಕ್ಕಿಯಿಟ್ಟು ತೋರಿಸಿದರೆ ಗ್ರಾಫ್. ಲಾರಿ ಓಡಿಸಿದವಳಿಗೆ ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಗ್ರಾಫನ್ನು ಬಲಕ್ಕೆ ಸರಿಸಬೇಕೆಂದರೆ ಕೂಡಿಸುವ ಬದಲು ಕಳೆಯಬೇಕು ಎಂಬುದೊಂದೇ ನನಗೆ ಇವತ್ತಿಗೂ ಹೊಟ್ಟೆಯುರಿ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಲಾರಿ ಬಲಕ್ಕೆ ಹೋದ ಹಾಗೆ. ಅದನ್ನೂ ಅಭ್ಯಾಸ ಮಾಡಿಕೊಂಡೆ.

ಕಷ್ಟ ಇದ್ದದ್ದು ಸ್ಕಾಲ್ಜೊಳ ಬಾಯಲ್ಲಿ.

ಎರಡನೇ ವಾರ ಅವಳು ನನ್ನನ್ನೇ ಎಬ್ಬಿಸಿದಳು. "ಆರ್ಡಿಸ್, ನೀವು ಹಿಮ ತೆಗೀತಿದ್ರಂತೆ. ಹೇಳಿ, ಹಿಮದ ಆಳ ಕಾಲದ ಫಂಕ್ಷನ್ ಹೌದಾ?"

"ಹೌದು. ಒಂದು ಹೊತ್ತಿಗೆ ಒಂದೇ ಆಳ ಇರುತ್ತೆ."

"ಸರಿ. ತಿರುಗಿಸಿ ಹೇಳಿ. ಕಾಲ ಆಳದ ಫಂಕ್ಷನ್ನಾ?"

"ಅಲ್ಲ," ಎಂದೆ. "ಆರಿಂಚು ಹಿಮ ಮಂಗಳವಾರ ಬೀಳ್ತಾನೂ ಇರುತ್ತೆ, ಶುಕ್ರವಾರ ಕರಗ್ತಾನೂ ಇರುತ್ತೆ. ಆರಿಂಚು ಅಂದ್ರೆ ಯಾವ ದಿನ ಅಂತ ಒಂದೇ ಉತ್ತರ ಬರಲ್ಲ."

"ಖಂಡಿತಾನಾ?" ಎಂದಳು ಸ್ಕಾಲ್ಜೊ, ಹುಬ್ಬು ಮೇಲೆತ್ತಿ.

ನಮ್ಮೂರಿನಲ್ಲಿ ಖಂಡಿತಾನಾ ಎಂದು ಯಾರಾದರೂ ಕೇಳಿದರೆ ಅದರರ್ಥ, ನೀನು ಮಾಡುತ್ತಿರುವುದು ಶುದ್ಧ ಮೂರ್ಖತನ, ಈಗಲೇ ನಿಲ್ಲಿಸಿದರೆ ನಾನು ಯಾರಿಗೂ ಹೇಳುವುದಿಲ್ಲ, ಎಂದು.

"ಇಲ್ಲ ಇಲ್ಲ ಬಿಡಿ. ನೀವು ಹೇಳಿದ ಹಾಗೇ ಇರಬಹುದು," ಎಂದು ಕೂತುಬಿಟ್ಟೆ.

"ನಾನೇನೂ ಹೇಳೇ ಇಲ್ವಲ್ಲ!" ಎಂದು ಅವಳು ಎರಡೂ ಕೈ ಮೇಲಕ್ಕೆ ಚೆಲ್ಲಿದಳು.

ಅಕ್ಟೋಬರಿನಲ್ಲಿ ಪರೀಕ್ಷೆ. ನಾವು ಬರೆಯುತ್ತಿದ್ದರೆ ಅವಳು ಸಾಲುಗಳ ನಡುವೆ ಅಡ್ಡಾಡುತ್ತ, ಒಬ್ಬೊಬ್ಬರ ಹೆಗಲ ಮೇಲಿಂದ ಇಣುಕಿ, "ಹೂಂ..." ಎನ್ನುತ್ತಿದ್ದಳು. ಅವಳು ನನ್ನ ಹಿಂದೆ ಮೂರು ಸಲ ನಿಂತಳು. ಮೂರು ಸಲ ನಾನು ರಬ್ಬರ್ ಕೈಗೆತ್ತಿಕೊಂಡೆ. ಟೇಗನ್ ಐದು ಸಲ ಅಳಿಸಿದಳಂತೆ. ಫಲಿತಾಂಶ ಬಂದಾಗ ಇಡೀ ತರಗತಿ ಗುಂಡಿಗೆ ಬಿದ್ದಿತ್ತು.

ಮರುದಿನ ಸ್ಕಾಲ್ಜೊ ನನ್ನನ್ನು ತನ್ನ ಕೋಣೆಗೆ ಕರೆಸಿದಳು. ನನ್ನ ಉತ್ತರಪತ್ರಿಕೆಯನ್ನು ಕಿಟಕಿಗೆ ಒತ್ತಿ ಹಿಡಿದಳು. ಬೆಳಕಿನಲ್ಲಿ ಅಳಿಸಿದ ಪೆನ್ಸಿಲಿನ ಗುರುತು ಸ್ಪಷ್ಟವಾಗಿ ಕಾಣುತ್ತಿತ್ತು.

"ಇದನ್ನ ಓದಿ. ಮೊದಲು ಏನು ಬರೆದಿದ್ರಿ?"

ಓದಿದೆ.

"ಅದು ಸರಿಯಾದ ಉತ್ತರ. ಇದೂ ಸರಿ, ಅದೂ ಸರಿ. ಮೂರನ್ನೂ ಅಳಿಸಿ ತಪ್ಪು ಬರೆದಿದ್ದೀರಿ. ಯಾಕ್ರೀ ಅಳಿಸಿದ್ರಿ?"

"ನೀವು ಹಿಂದೆ ನಿಂತ್ಕೊಂಡು ಹೂಂ ಅಂದ್ರಲ್ಲ."

"ನನಗೆ ನೆಗಡಿ ಆಗಿತ್ತು!" ಎಂದು ಕಿರುಚಿದಳು. ಆಮೇಲೆ ಕುರ್ಚಿಯಲ್ಲಿ ಕುಸಿದು ಕೂತಳು. "ನೋಡಿ ಆರ್ಡಿಸ್, ನಮ್ಮನೇಲಿ ಊಟಕ್ಕೆ ಕೂತ್ರೆ ಜಗಳ ಆಡದೆ ಯಾರೂ ಉಪ್ಪು ಕೂಡ ದಾಟಿಸಲ್ಲ. ಖಂಡಿತಾನಾ ಅಂದ್ರೆ, ಬನ್ನಿ ವಾದ ಮಾಡಿ, ನನಗೆ ಒಪ್ಪಿಸಿ ಅಂತ. ಅಷ್ಟೇ. ಇಲ್ಲಿ ಯಾರೂ ವಾದಾನೇ ಮಾಡಲ್ಲ. ಗೋಡೆಗೆ ಪಾಠ ಹೇಳಿದ ಹಾಗಾಗಿದೆ."

"ನೀವು ಚೆನ್ನಾಗೇ ಹೇಳ್ತೀರಿ," ಎಂದೆ.

"ನೋಡಿದ್ರಾ! ಮತ್ತೆ ಅದೇ!"

ಪಾಪ ಎನ್ನಿಸಿತು. ಆದರೆ ಐವತ್ತಾರು ವರ್ಷದ ಚಾಳಿ ಒಂದು ಮಧ್ಯಾಹ್ನದಲ್ಲಿ ಬಿಡುವುದಲ್ಲ. ಹುಟ್ಟುಗುಣ ಸುಟ್ಟರೂ ಹೋಗದು.

ಅವಳೂ ಸುಮ್ಮನಿರಲಿಲ್ಲ. ಮುಂದಿನ ತರಗತಿಯಲ್ಲಿ ಹೊಸ ಏರ್ಪಾಟು ಹೇಳಿದಳು. ಕೊನೆಯ ಇಪ್ಪತ್ತು ಅಂಕ ಬಾಯಿಮಾತಿನ ಪರೀಕ್ಷೆ. ಒಬ್ಬೊಬ್ಬರೂ ಒಂದು ವಿಷಯ ಎತ್ತಿಕೊಂಡು, ತಮ್ಮ ಬದುಕಿನಿಂದಲೇ ಉದಾಹರಣೆ ತಂದು, ಎಲ್ಲರ ಮುಂದೆ ಬೋರ್ಡಿನಲ್ಲಿ ಗ್ರಾಫ್ ಬರೆದು ವಿವರಿಸಬೇಕು. ಅವಳು ಪ್ರಶ್ನೆ ಕೇಳುತ್ತಾಳೆ. ನಿಂತು ಉತ್ತರಿಸಬೇಕು. "ಇಲ್ಲಿ ರಬ್ಬರ್ ಇರಲ್ಲ," ಎಂದಳು.

ನವೆಂಬರಿನಲ್ಲಿ, ಬರೆಯುವ ಪರೀಕ್ಷೆಗಳೆಲ್ಲ ಮುಗಿದ ಮೇಲೆ, ಟೇಗನ್‌ಳ ಹೆಲ್ಮೆಟ್ಟಿನಲ್ಲಿ ಚೀಟಿ ಹಾಕಿ ಎತ್ತಿದೆವು. ನನಗೆ ಬಂದದ್ದು ಅಸಿಂಪ್ಟೋಟ್. ಅಂದರೆ ಗ್ರಾಫು ಒಂದು ಗೆರೆಯ ಹತ್ತಿರ, ಇನ್ನೂ ಹತ್ತಿರ, ಮತ್ತೂ ಹತ್ತಿರ ಹೋಗುತ್ತಲೇ ಇರುತ್ತದೆ, ಆದರೆ ಎಂದಿಗೂ ಮುಟ್ಟುವುದಿಲ್ಲ. ಆ ಗೆರೆಗೆ ಅಸಿಂಪ್ಟೋಟ್ ಎಂದು ಹೆಸರು.

ಮನೆಗೆ ಬಂದು ಲೆಕ್ಕ ಹಾಕಿದೆ. ಮಿಕ್ಕ ಎಂಬತ್ತರಲ್ಲಿ ನನ್ನ ಹತ್ತಿರ ಐವತ್ತೆರಡು ಇತ್ತು. ಇಪ್ಪತ್ತಕ್ಕೆ ಹದಿನೆಂಟು ಬಂದರೆ ಎಪ್ಪತ್ತು, ಸರ್ವೆ ಕೆಲಸ. ಹದಿನೇಳು ಬಂದರೆ ಫೋನು.

"ಮುಟ್ಟದೇ ಇರೋ ಗೆರೆಗೆ ಉದಾಹರಣೆ ಬೇಕಾ?" ಎಂದ ಲೋವೆಲ್, ಪತ್ರಿಕೆಯಿಂದ ತಲೆಯೆತ್ತದೆ. "ನಿನ್ನ ತಮ್ಮ ಮನೆಗೆ ಹೊರಡ್ತೀನಿ ಅಂತ ಎದ್ದಾಗ ಬಾಗಿಲ ಹತ್ತಿರ ನಿಂತ್ಕೊಳ್ಳೋದನ್ನ ಬರಿ. ಒಂದೂವರೆ ಗಂಟೆ ಆದ್ರೂ ಬಾಗಿಲು ಮುಟ್ಟಲ್ಲ."

"ಅವನನ್ನ ಬೋರ್ಡ್ ಮೇಲೆ ಹೇಗೆ ಅಳೆಯಲಿ? ಅಳೆಯೋಕೆ ಬರೋಂಥದ್ದು ಹೇಳು."

ಉತ್ತರ ಸಿಕ್ಕಿದ್ದು ಮುದುಕ ಆರ್ವಿಲ್ ಸ್ಟೆನರ್ಸನ್‌ನ ಅಂತ್ಯಸಂಸ್ಕಾರದಲ್ಲಿ. ಮಣ್ಣು ಮಾಡಿ ಬಂದು ಎಲ್ಲರೂ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಗೆ ಸೇರಿದ್ದೆವು. ನಾನು ಕುಂಬಳಕಾಯಿ ಬಾರ್ ಮಾಡಿಕೊಂಡು ಹೋಗಿದ್ದೆ. ದೊಡ್ಡ ತಟ್ಟೆಯಲ್ಲಿ ಬೇಯಿಸಿ, ಮೇಲೆ ಬಿಳಿ ಕೆನೆ ಬಳಿದು, ಚೌಕ ಚೌಕವಾಗಿ ಕತ್ತರಿಸಿದ ಸಿಹಿ. ನೋಡುನೋಡುತ್ತ ತಟ್ಟೆ ಖಾಲಿಯಾಗಿ ಒಂದೇ ತುಂಡು ಉಳಿಯಿತು. ಅಲ್ಲಿಂದ ಶುರುವಾಯಿತು ನಮ್ಮ ಜನರ ನಾಟಕ. ಕೊನೆಯ ತುಂಡನ್ನು ಪೂರ್ತಿ ತೆಗೆದುಕೊಳ್ಳುವ ಹೊಟ್ಟೆಬಾಕ ನಮ್ಮ ಕೌಂಟಿಯಲ್ಲಿ ಇನ್ನೂ ಹುಟ್ಟಿಲ್ಲ. ಮೊದಲು ಬಂದವಳು ಅದನ್ನು ಅರ್ಧ ಮಾಡಿ ಅರ್ಧ ತೆಗೆದುಕೊಂಡಳು. ಮುಂದಿನವನು ಆ ಅರ್ಧದಲ್ಲಿ ಅರ್ಧ. ಆಮೇಲೆ ಬಂದವಳು ಅದರಲ್ಲೂ ಅರ್ಧ.

ನನ್ನ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ಇದೇ ಅಲ್ಲವೇ ಅದು!

ಅಡುಗೆಕೋಣೆಗೆ ಓಡಿದೆ. ಹಿಟ್ಟು ತೂಗುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಅಲ್ಲಿತ್ತು. ಅದನ್ನು ಮೇಜಿನ ಮೇಲಿಟ್ಟು, ಸುತ್ತ ಕರವಸ್ತ್ರ ಹೊದಿಸಿ, ಅಂಕಿ ಕಾಣುವ ಮುಖ ನನ್ನ ಕಡೆ ತಿರುಗಿಸಿ, ಮೇಲೆ ಹೊಸದೊಂದು ತುಂಡಿನ ತಟ್ಟೆ ಇಟ್ಟೆ. ಮನೆಗೆಂದು ಎತ್ತಿಟ್ಟುಕೊಂಡಿದ್ದ ತುಂಡು ಅದು. ವಿದ್ಯೆಗಾಗಿ ತ್ಯಾಗ ಮಾಡಿದೆ. ಆಮೇಲೆ ಆರ್ವಿಲ್‌ನ ಪ್ರಾರ್ಥನಾ ಹಾಳೆಯ ಹಿಂದೆ ಬರೆದುಕೊಳ್ಳುತ್ತ ಕೂತೆ. ಅರವತ್ತನಾಲ್ಕು ಗ್ರಾಂ. ಮೂವತ್ತಮೂರು. ಹದಿನಾರು. ಎಂಟು. ಪಾದ್ರಿ ಲಿಂಡ್‌ಕ್ವಿಸ್ಟ್ ಆ ಕಡೆ ಈ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಂದರು. ಸರಿ, ಈ ಮನುಷ್ಯ ಬಾಯಿಗೆ ಹಾಕಿಕೊಂಡೇಬಿಟ್ಟರು ಎಂದುಕೊಂಡೆ. ಇಲ್ಲ. ಚಾಕು ತೆಗೆದು ಉಗುರಿನಷ್ಟು ತುಂಡನ್ನು ಅಳೆದು ಅರ್ಧ ಮಾಡಿದರು. ನಾಲ್ಕು ಗ್ರಾಂ.

ರಾತ್ರಿಯ ಊಟಕ್ಕೆ ಮುಂಚೆ ಲೋವೆಲ್‌ಗೆ ಗ್ರಾಫ್ ತೋರಿಸಿದೆ. ಬೆಟ್ಟದಿಂದ ಜಾರಿ, ನೆಲಕ್ಕೆ ತಾಗದೆ ಮುಂದೆ ಹೋಗುವ ಚಂದದ ಗೆರೆ.

"ಸತ್ತವನ ಹೆಸರಿನ ಕಾಫೀಲಿ ತಕ್ಕಡಿ ಬಚ್ಚಿಟ್ಕೊಂಡು ಕೂತಿದ್ದೆಯಲ್ಲೇ! ಆರ್ವಿಲ್ ನೋಡಿದ್ರೆ ಏನಂತಿದ್ದ?"

"ಆರ್ವಿಲ್ ಇದ್ದಿದ್ರೆ ಅವನೂ ಅರ್ಧ ಕತ್ತರಿಸ್ಕೊಂಡು ಹೋಗ್ತಿದ್ದ. ನನಗೆ ಇನ್ನೊಂದು ಚುಕ್ಕಿ ಸಿಗ್ತಿತ್ತು."

ಡಿಸೆಂಬರಿನ ಎರಡನೇ ವಾರ ಬಾಯಿಮಾತಿನ ಪರೀಕ್ಷೆ ಬಂತು. ಹೊರಗೆ ಸೊನ್ನೆಗಿಂತ ಕೆಳಗೆ ಹನ್ನೆರಡು ಡಿಗ್ರಿ ಚಳಿ. ನಾನು ಬೆಳಿಗ್ಗೆಯೇ ತರಗತಿಗೆ ಹೋಗಿ ಹಿಂದಿನ ಮೇಜಿನ ಮೇಲೆ ಕಾಫಿ ಇಟ್ಟೆ. ಪಕ್ಕದಲ್ಲಿ ಕರವಸ್ತ್ರ ಹೊದಿಸಿದ ತಕ್ಕಡಿ, ಅದರ ಮೇಲೆ ತಟ್ಟೆ, ತಟ್ಟೆಯಲ್ಲಿ ಒಂದೇ ಒಂದು ಬಾರ್, ಒಂದು ಚಾಕು. ನನ್ನದು ನಾಲ್ಕನೆಯ ಸರದಿ. ಅಷ್ಟು ಹೊತ್ತಿಗೆ ಆಗಬೇಕಾದದ್ದು ತಾನಾಗಿಯೇ ಆಗುತ್ತದೆ ಎಂದು ನನಗೆ ಗೊತ್ತಿತ್ತು. ಟೇಗನ್ ಮಾತ್ರ ಒಳಸಂಚು ಬಲ್ಲವಳು. ಹಿಂದಿನ ಸಾಲಿನಲ್ಲಿ ಕೂತು ಪ್ರತಿ ಸಲ ಅಂಕಿ ಬರೆದುಕೊಂಡಳು.

ನನ್ನ ಹೆಸರು ಕರೆದರು. ಎದ್ದಾಗ ಮೊಣಕಾಲು ಲಟಕ್ಕೆಂದಿತು. ಬೋರ್ಡಿನಲ್ಲಿ ಎರಡು ಗೆರೆ ಎಳೆದೆ. ಅಡ್ಡಗೆರೆಯಲ್ಲಿ ಎಷ್ಟು ಜನ ಕತ್ತರಿಸಿದರು ಎಂದು, ನಿಂತ ಗೆರೆಯಲ್ಲಿ ಎಷ್ಟು ಉಳಿಯಿತು ಎಂದು. ಚರ್ಚಿನ ಅಂಕಿಗಳನ್ನು ಹಾಕಿದೆ. ಟೇಗನ್ ಈಗ ತಾನೇ ಬರೆದ ಅಂಕಿಗಳನ್ನು ಓದಿದಳು. ಅರವತ್ತಾರು, ಮೂವತ್ತೆರಡು, ಹದಿನೇಳು, ಎಂಟು, ನಾಲ್ಕು, ಎರಡು, ಒಂದು. ಚುಕ್ಕಿ ಸೇರಿಸಿ ಎಳೆದ ಎರಡೂ ಗೆರೆ ಒಂದರ ಮೇಲೊಂದು ಕೂತವು. ತಮ್ಮನ್ನೇ ಅಳೆದು ಬೋರ್ಡಿಗೆ ಏರಿಸಿದ್ದಾಳೆ ಎಂದು ಗೊತ್ತಾಗಿ ಹುಡುಗರ ಕಿವಿ ಕೆಂಪಾದವು.

"ಪ್ರತಿ ಸಲ ಅರ್ಧ ಆಗುತ್ತೆ," ಎಂದೆ. "ಸೊನ್ನೆ ಹತ್ತಿರ ಹೋಗ್ತಾನೇ ಇರುತ್ತೆ, ಸೊನ್ನೆ ಆಗಲ್ಲ. ಸೊನ್ನೆಯ ಗೆರೆಯೇ ಅಸಿಂಪ್ಟೋಟು. ಸಾಕ್ಷಿ ಬೇಕಾದ್ರೆ ನೋಡಿ, ಇನ್ನೂ ಇದೆ." ತಟ್ಟೆಯನ್ನು ತಂದು ಸ್ಕಾಲ್ಜೊಳ ಮುಂದೆ ಹಿಡಿದೆ. ಮಧ್ಯದಲ್ಲಿ ಬಟಾಣಿಯಷ್ಟು ಕುಂಬಳಕಾಯಿ ಬಾರ್.

ಸ್ಕಾಲ್ಜೊ ಅದನ್ನು ನೋಡಿದಳು. ನನ್ನನ್ನು ನೋಡಿದಳು. ಬೆರಳು ಚಾಚಿ ಅದನ್ನೆತ್ತಿ ಬಾಯಿಗೆ ಹಾಕಿಕೊಂಡಳು.

"ಅಯ್ಯೋ ದೇವರೇ," ಎಂದಳು ಟೇಗನ್. ಯಾರದೋ ಪೆನ್ನು ಕೆಳಗೆ ಬಿತ್ತು. ನನ್ನ ಐವತ್ತಾರು ವರ್ಷದಲ್ಲಿ, ನನ್ನ ಕಣ್ಣೆದುರು, ಒಬ್ಬರು ಕೊನೆಯ ತುಂಡು ತಿಂದದ್ದು ಅದೇ ಮೊದಲು.

"ರುಚಿಯಾಗಿದೆ," ಎಂದು ಅವಳು ಬೆರಳು ನೆಕ್ಕಿದಳು. "ಸೊನ್ನೆ ಆಯ್ತಲ್ಲ ಆರ್ಡಿಸ್. ನಿಮ್ಮ ಗ್ರಾಫ್ ಮುಟ್ಟೇಬಿಡ್ತು. ಈಗೇನು ಮಾಡ್ತೀರಿ?"

ಪರವಾಗಿಲ್ಲ ಬಿಡಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ನಮ್ಮ ಅಮ್ಮ ಕಲಿಸಿದ ಮಾತು, ಅವರಮ್ಮ ಅವರಿಗೆ ಕಲಿಸಿದ್ದು. ಆಡಿದ್ದರೆ ಎಲ್ಲರಿಗೂ ಸಮಾಧಾನ. ಆಡಿದ್ದರೆ ನಾನು ನಾಳೆಯಿಂದ ಫೋನೆತ್ತಿ ನಿಮ್ಮ ರಸ್ತೆಗೆ ಸಂಜೆಯೊಳಗೆ ಬರ್ತಾರೆ ಎಂದು ಹೇಳುತ್ತ ಮುದುಕಿಯಾಗಬೇಕು. ಕೈಗೆ ಬಂದ ತುತ್ತನ್ನು ಅಕ್ಷರಶಃ ಇನ್ನೊಬ್ಬಳು ಬಾಯಿಗೆ ಹಾಕಿಕೊಂಡಿದ್ದಳು. ನನಗೆ ಸಿಟ್ಟು ಬಂತು. ಬಹಳ ವರ್ಷಗಳಿಂದ ಬರದೆ ಎಲ್ಲಿಯೋ ಕಾಯುತ್ತಿದ್ದ ಸಿಟ್ಟು.

"ಏನೂ ಮಾಡಲ್ಲ," ಎಂದೆ. "ನನ್ನ ಗ್ರಾಫ್ ಸರಿಯಾಗಿದೆ. ತಪ್ಪು ಮಾಡಿದ್ದು ನೀವು."

ಸ್ಕಾಲ್ಜೊ ತನ್ನ ಎದೆಯ ಮೇಲೆ ಬೆರಳಿಟ್ಟುಕೊಂಡಳು.

"ನಾನಾ?"

"ಹೌದು, ನೀವು. ಈ ಫಂಕ್ಷನ್ನಿಗೆ ಹಾಕೋದು ಈ ಊರಿನ ಜನಾನ. ಅವರು ಎಷ್ಟು ಜನ ಬೇಕಾದ್ರೂ ಬರಲಿ, ಅರ್ಧವೇ ಮಾಡ್ತಾರೆ. ನೀವು ಇದರ ಡೊಮೈನಲ್ಲೇ ಇಲ್ಲ. ಸೊನ್ನೆಯಿಂದ ಭಾಗಿಸಬೇಡಿ ಅಂತ ನೀವೇ ಹೇಳಿಕೊಟ್ಟಿದ್ದೀರಿ. ಯಾರೋ ಭಾಗಿಸಿ ಕೆಡಿಸಿಕೊಂಡ್ರೆ ಅದು ಫಂಕ್ಷನ್ ತಪ್ಪಾ?"

ಸ್ಕಾಲ್ಜೊಳ ಕಣ್ಣು ಮಿಂಚಿದವು. ಅವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. "ತಡೀರಿ ತಡೀರಿ. ಅಡ್ಡಗೆರೇಲಿ ಇರೋದು ಸಂಖ್ಯೆ. ಒಂದು, ಎರಡು, ಮೂರು. ಸಂಖ್ಯೆಗೆ ಊರು ಯಾವುದು ಅಂತ ಇರುತ್ತಾ?"

"ಏನನ್ನ ಎಣಿಸ್ತೀವಿ ಅನ್ನೋದು ಇರುತ್ತೆ." ಸೀಮೆಸುಣ್ಣ ಎತ್ತಿ, ಅಡ್ಡಗೆರೆಯ ಕೆಳಗೆ ದೊಡ್ಡದಾಗಿ ಬರೆದೆ: ಕತ್ತರಿಸಿದ ಸ್ಥಳೀಯರ ಸಂಖ್ಯೆ. "ನೀವು ತಿನ್ನೋಕೆ ಮುಂಚೆ ಆರು. ತಿಂದ ಮೇಲೂ ಆರೇ. ನೀವು ಲೆಕ್ಕಕ್ಕೇ ಬರಲ್ಲ."

"ನಾನು ಲೆಕ್ಕಕ್ಕೇ ಬರಲ್ವಾ?"

"ಈ ಗ್ರಾಫಿನಲ್ಲಿ ಬರಲ್ಲ. ಬೇಜಾರು ಮಾಡ್ಕೋಬೇಡಿ," ಎಂದೆ. ಅಭ್ಯಾಸಬಲ.

"ಹಾಗಾದ್ರೆ ತಟ್ಟೆ ಖಾಲಿ ಆಗಿದ್ದು ಹೇಗೆ?"

"ಕಳ್ಳತನ," ಎಂದೆ. "ಅದು ಬೇರೆ ಅಧ್ಯಾಯ."

ಸ್ಕಾಲ್ಜೊ ತಲೆ ಹಿಂದಕ್ಕೆ ಹಾಕಿ ನಕ್ಕಳು. ಕಿಟಕಿಯ ಗಾಜು ಅದುರಿತು. ಆಮೇಲೆ ಪೆನ್ನು ತೆಗೆದು ನನ್ನ ಹೆಸರಿನ ಮುಂದೆ ಬರೆದು, ಗಟ್ಟಿಯಾಗಿ ಓದಿದಳು. "ಹದಿನೇಳು. ಅದ್ಭುತ. ಈ ವರ್ಷ ಇದಕ್ಕಿಂತ ಜಾಸ್ತಿ ಯಾರಿಗೂ ಕೊಟ್ಟಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತೆ. ಹದಿನೇಳು ಎಂದರೆ ಅರವತ್ತೊಂಬತ್ತು. ಹಿಂದಿನ ನಾನಾಗಿದ್ದರೆ ಧನ್ಯವಾದ ಹೇಳಿ, ಮನೆಗೆ ಹೋಗಿ, ಕಾರಿನಲ್ಲಿ ಕೂತು ಅತ್ತು, ಲೋವೆಲ್‌ಗೆ ಅಷ್ಟೇನೂ ಕೆಟ್ಟದಾಗಿರಲಿಲ್ಲ ಎನ್ನುತ್ತಿದ್ದೆ.

"ಮೂರು ಅಂಕ ಯಾಕೆ ಕಳೆದ್ರಿ?" ಎಂದೆ.

ಚಪ್ಪಾಳೆ ನಿಂತಿತು. ಸ್ಕಾಲ್ಜೊ ಬೆರಳು ಮಡಚಿದಳು. "ಒಂದು, ನಿಂತ ಗೆರೇಲಿ ಗ್ರಾಂ ಅಂತ ಬರೆದಿಲ್ಲ. ಎರಡು, ಡೊಮೈನನ್ನ ಮೊದಲೇ ಹೇಳಬೇಕಿತ್ತು, ನಾನು ತಿಂದ ಮೇಲಲ್ಲ. ಮೂರು, ಚುಕ್ಕಿಗಳನ್ನ ಗೆರೆ ಎಳೆದು ಸೇರಿಸಿದ್ದೀರಿ. ಇಬ್ಬರು ಇರ್ತಾರೆ, ಮೂವರು ಇರ್ತಾರೆ. ಎರಡೂವರೆ ಜನ ಎಲ್ಲಿರ್ತಾರೆ? ಚುಕ್ಕಿ ಇಟ್ಟು ಬಿಡಬೇಕಿತ್ತು."

ಮೊದಲೆರಡಕ್ಕೆ ಬಾಯಿ ಮುಚ್ಚಿಕೊಂಡೆ, ಅವಳು ಹೇಳಿದ್ದು ಸರಿ. ಮೂರನೆಯದು ಕೇಳಿದಾಗ ತಲೆಯಲ್ಲಿ ಏನೋ ಹೊಳೆಯಿತು. ನನ್ನ ಚೀಲದಿಂದ ನೋಟ್‌ಪುಸ್ತಕ ತೆಗೆದೆ. ಲಾರಿ ಓಡಿಸುವಾಗ ಪ್ರತಿ ದಿನದ ದಾರಿ ಬರೆದಿಟ್ಟು ಅಭ್ಯಾಸ. ಸ್ಕಾಲ್ಜೊ ಬೋರ್ಡಿನಲ್ಲಿ ಬರೆದದ್ದನ್ನೆಲ್ಲ ತಾರೀಖು ಹಾಕಿ ಇಳಿಸಿಕೊಂಡಿದ್ದೆ.

"ಸೆಪ್ಟೆಂಬರ್ ಹತ್ತೊಂಬತ್ತು," ಎಂದು ಓದಿದೆ. "ಎಷ್ಟು ಬಸ್ಸಿಗೆ ಎಷ್ಟು ಪ್ರಯಾಣಿಕರು ಅನ್ನೋ ಗ್ರಾಫು. ನೀವೇ ಬರೆದಿದ್ದು. ಉದ್ದಕ್ಕೆ ಗೆರೆ ಎಳೆದು ಸೇರಿಸಿದ್ದೀರಿ." ಪುಸ್ತಕವನ್ನು ಅವಳ ಮುಂದೆ ಬಿಚ್ಚಿಟ್ಟೆ. "ನ್ಯೂಜರ್ಸಿಲಿ ಎರಡೂವರೆ ಬಸ್ ಓಡುತ್ತಾ?"

ಹಿಂದಿನ ಸಾಲಿನಲ್ಲಿ ಯಾರೋ ಕಾಫಿ ಉಗುಳಿದರು.

ಸ್ಕಾಲ್ಜೊ ಪುಟವನ್ನು ಓದಿದಳು. ಇನ್ನೊಮ್ಮೆ ಓದಿದಳು. ಕೊರಳಿಂದ ಏರಿದ ಕೆಂಪು ಕಿವಿಯವರೆಗೆ ಹೋಯಿತು. "ಅದು... ಸುಮ್ಮನೆ ಅರ್ಥ ಆಗಲಿ ಅಂತ ಎಳೆದಿದ್ದು," ಎಂದಳು.

"ನಂದೂ ಅರ್ಥ ಆಗಲಿ ಅಂತಲೇ ಎಳೆದಿದ್ದು."

"ನೀವು ನನ್ನ ಮೇಲೇ ತಿರುಗಿಸ್ತಿದ್ದೀರಿ."

"ಹೌದು. ನನಗೆ ಆ ಒಂದು ಅಂಕ ಬೇಕು. ಅದು ನಂದು. ಅದು ಸಿಗದಿದ್ರೆ ನಾನು ಇನ್ನು ಹತ್ತು ವರ್ಷ ಫೋನ್ ಎತ್ತಬೇಕು. ಅದಕ್ಕೋಸ್ಕರ ಕೇಳ್ತಿಲ್ಲ, ಸರಿಯಾಗಿದೆ ಅಂತ ಕೇಳ್ತಿದ್ದೀನಿ." ನನ್ನ ದನಿ ಜೋರಾಗಿತ್ತು. ಅಷ್ಟು ಜೋರಾಗಿ ನಾನು ಮಾತಾಡಿದ್ದು ಲಾರಿಯ ಇಂಜಿನ್ ಸದ್ದು ಮೀರಿಸಬೇಕಾದಾಗ ಮಾತ್ರ.

ಅವಳು ಹದಿನೇಳನ್ನು ಹೊಡೆದು ಹಾಕಿ ಹದಿನೆಂಟು ಬರೆದು, ಪಕ್ಕದಲ್ಲಿ ಸಹಿ ಮಾಡಿದಳು. "ಹದಿನೈದು ವಾರ," ಎಂದಳು. "ಹದಿನೈದು ವಾರದಿಂದ ಈ ಊರಿನಲ್ಲಿ ಒಬ್ಬರಾದ್ರೂ ನನ್ನ ಜೊತೆ ಜಗಳ ಆಡ್ತಾರಾ ಅಂತ ಕಾಯ್ತಿದ್ದೆ." ಆಮೇಲೆ ಯಾವತ್ತಿನ ಹಾಗೆ ತರಗತಿಯ ಕಡೆ ತಿರುಗಿ ಕೇಳಿದಳು. "ಇನ್ಯಾರಿಗಾದ್ರೂ ಏನಾದ್ರೂ ತಕರಾರು ಇದೆಯಾ?"

ಪಾಪ, ಕೇಳಬಾರದಿತ್ತು. ಟೇಗನ್ ಎದ್ದು ನಿಂತಳು. ಅವಳ ಕೈಯಲ್ಲಿ ಅಕ್ಟೋಬರಿನ ಉತ್ತರಪತ್ರಿಕೆ ಇತ್ತು. "ಪ್ರೊಫೆಸರ್, ನನ್ನ ನಾಲ್ಕನೇ ಉತ್ತರ ಸರಿ ಇದೆ. ಐದನೇದೂ ಸರಿ ಇದೆ ಅಂತ ನನಗನಿಸುತ್ತೆ. ಅನಿಸೋದೇನು, ಇದೆ." ಅವಳ ಹಿಂದೆ ಇನ್ನೊಬ್ಬ ಎದ್ದ. ಅವನ ಹಿಂದೆ ಮೂವರು. ಮೊದಲ ದಿನದಿಂದ ಅರ್ಥವಾಗದ್ದನ್ನೆಲ್ಲ ಎದೆಯಲ್ಲಿಟ್ಟುಕೊಂಡಿದ್ದ ಹದಿನೇಳು ಮಕ್ಕಳೂ ಬ್ಯಾಗು ಬಿಚ್ಚಿ ಹಾಳೆ ತೆಗೆದರು.

"ಒಬ್ಬೊಬ್ಬರಾ... ಒಬ್ಬೊಬ್ಬರಾಗಿ ಬನ್ನಿ!" ಎಂದು ಸ್ಕಾಲ್ಜೊ ಕೂಗುತ್ತಿರುವಾಗ ನಾನು ತಟ್ಟೆ, ತಕ್ಕಡಿ ಎತ್ತಿಕೊಂಡು ಹೊರಗೆ ಬಂದೆ.

ಕಾರಿಡಾರಿನ ಬೆಂಚಿನ ಮೇಲೆ ಕೂತು ಸ್ವಲ್ಪ ಅತ್ತೆ. ಸಂತೋಷಕ್ಕೇ ಅತ್ತದ್ದು, ಅದನ್ನು ಮುಚ್ಚಿಟ್ಟು ಏನಾಗಬೇಕು. ಮೂಗು ಒರೆಸಿಕೊಂಡು ಗೇಲೆನ್ ರಾಸ್ಕ್‌ಗೆ ಫೋನ್ ಮಾಡಿದೆ.

"ಎಪ್ಪತ್ತು ಬಂತು," ಎಂದೆ. "ಸರಿಯಾಗಿ ಎಪ್ಪತ್ತು."

"ಓ, ಒಳ್ಳೇದಾಯ್ತು," ಎಂದ ಗೇಲೆನ್. ನಮ್ಮ ಕಡೆ ಇದು ಪಟಾಕಿ ಹೊಡೆದ ಹಾಗೆ. ಇನ್ನೇನು ಹವಾಮಾನದ ಮಾತಿಗೆ ಇಳಿಯುವವನಿದ್ದ. ನನಗೆ ಮಾತ್ರ ಇನ್ನೂ ಬಾಯಿಯ ಬಿಸಿ ಆರಿರಲಿಲ್ಲ.

"ಗೇಲೆನ್, ಒಂಬತ್ತನೇ ನಂಬರ್ ರಸ್ತೇಲಿ, ನೈಹೋಮ್ ಅವರ ಕೊಟ್ಟಿಗೆ ಹತ್ತಿರ ತಿರುವಿದೆಯಲ್ಲ. ಅದರ ನಕ್ಷೆ ನೀವೇ ಮಾಡಿದ್ದು ತಾನೆ?"

"ಹೌದು. ಯಾಕೆ?"

"ಅದು ತಪ್ಪಾಗಿದೆ."

ನಾನು ಮುಂದುವರಿಸಿದೆ. "ಹನ್ನೊಂದು ಚಳಿಗಾಲ ನನ್ನ ಬಲಚಕ್ರ ಅಲ್ಲಿ ಚರಂಡಿಗೆ ಇಳಿದಿದೆ. ಹಿಮದ್ದು ತಪ್ಪಲ್ಲ, ನನ್ನದೂ ತಪ್ಪಲ್ಲ. ತಿರುವು ಶುರುವಾಗಬೇಕಾದ ಜಾಗಕ್ಕಿಂತ ಹತ್ತಿಪ್ಪತ್ತು ಅಡಿ ತಡವಾಗಿ ಶುರುವಾಗುತ್ತೆ. ಬೇಕಾದ್ರೆ ಗ್ರಾಫ್ ಹಾಕಿ ತೋರಿಸ್ತೀನಿ."

"ಹನ್ನೊಂದು ವರ್ಷದಿಂದ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

ಬಾಗಿಲ ಒಳಗಿನಿಂದ ಟೇಗನ್ ಮೇಜು ಗುದ್ದುವ ಸದ್ದು ಬರುತ್ತಿತ್ತು. ಹಗ್ಗ ಹರಿದುಕೊಂಡ ದನದ ಹಾಗೆ ಮಾತಾಡಿದ್ದಕ್ಕೆ ಕೆಲಸ ಕಳೆದುಕೊಂಡೆನೇನೋ ಎಂದು ನನಗೆ ಮೊದಲ ಸಲ ಭಯವಾಯಿತು. ಆದರೂ ಹೇಳಿದ್ದನ್ನು ವಾಪಸು ತೆಗೆದುಕೊಳ್ಳಲಿಲ್ಲ.

"ಜನವರಿ ಎರಡನೇ ತಾರೀಖು ಏಳು ಗಂಟೆಗೆ ಬಾ," ಎಂದ ಗೇಲೆನ್ ಕೊನೆಗೆ. "ದಪ್ಪ ಬೂಟು ಹಾಕ್ಕೊಂಡು ಬಾ. ಮೊದಲು ಆ ತಿರುವನ್ನೇ ಅಳೆಯೋಣ."